ಒಂದು ವಾಕ್ಯಕ್ಕೆ ಒಂದು ಗುಂಡಿ

ಶನಿವಾರ, ಹದಿನೆಂಟನೇ ತಾರೀಕು
ಮಧ್ಯಾಹ್ನ

ಪ್ರೀತಿಯ ದಶಾಂಶ,

‘ಆಡದೆ ಉಳಿದ ಮಾತು ಮನೆಯಲ್ಲೇ ಎಲ್ಲೋ ಕೂತಿರುತ್ತದೆ.’ ಇದು ಎಲ್ಲಿಯ ಸಾಲು ಹೇಳು? ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಕೊನೆಯ ಕೋಣೆಯ ಸೊಟ್ಟ ಅಕ್ಷರದವಳು ಬರೆದಿದ್ದಳಲ್ಲ, ಆ ಪದ್ಯದ್ದು ಎಂದು ನೆನಪು. ‘ಕೂತಿರುತ್ತದೆ’ ಎಂದಿತ್ತೋ ‘ಕಾದಿರುತ್ತದೆ’ ಎಂದಿತ್ತೋ ಖಾತ್ರಿಯಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕಿಟಕಿ ಬರುತ್ತಿತ್ತು. ಅದನ್ನು ಓದಿ ನಾವಿಬ್ಬರೂ ಒಂದು ವಾರ ಗಂಭೀರವಾಗಿ ಓಡಾಡಿದ್ದೆವು. ಈಗ ಅವಳನ್ನು ಕೇಳಬೇಕೆನಿಸುತ್ತದೆ, ಮನೆಯಲ್ಲಿ ಎಂದರೆ ಎಲ್ಲಿ? ಮೂರು ತಿಂಗಳಿಂದ ನಾನು ಈ ಮೂರು ಕೋಣೆಗಳಲ್ಲಿ ಒಬ್ಬಳೇ ಇದ್ದೇನೆ. ಕಪಾಟು ಒರೆಸಿದ್ದೇನೆ, ಮಂಚದ ಕೆಳಗೆ ಗುಡಿಸಿದ್ದೇನೆ. ಅಂಥದ್ದೇನೂ ಕೂತಿಲ್ಲ. ಬರೆಯುವಾಗ ಅವಳಿಗೆ ಇಪ್ಪತ್ತು ವರ್ಷ. ದೂರಿ ಪ್ರಯೋಜನವಿಲ್ಲ.

ನಿನ್ನ ಎರಡು ಪತ್ರಗಳೂ ತಲುಪಿವೆ. ತಡವಾದದ್ದಕ್ಕೆ ಕ್ಷಮಿಸು. ಮೊದಲನೆಯದಕ್ಕೆ ಉತ್ತರ ಬರೆಯಲಿಲ್ಲವೆಂದು ಎರಡನೆಯದರಲ್ಲಿ ನೀನು ಬೈದಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಇವಳು ಬೈಯಲೂ ಆಗದಷ್ಟು ಕೆಟ್ಟಿದೆಯೇ ನನ್ನ ಸ್ಥಿತಿ ಎಂದುಕೊಂಡೆ. ಹಾಗೇನಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ನೀರು ಸರಬರಾಜು ಕಚೇರಿಗೆ ಹೋಗುತ್ತೇನೆ, ಮೀಟರು ಓಡುತ್ತಿಲ್ಲ ಎಂದವರಿಗೂ ಜಾಸ್ತಿ ಓಡುತ್ತಿದೆ ಎಂದವರಿಗೂ ಉತ್ತರ ಬರೆಯುತ್ತೇನೆ, ವಾಪಸು ಬರುತ್ತೇನೆ. ಇವರು ಹೋದ ದಿನ ಬರಲಾಗಲಿಲ್ಲವೆಂದು ಎರಡೂ ಪತ್ರದಲ್ಲಿ ಕೊರಗಿದ್ದೀಯ. ಬಿಡು. ಬಂದವರೆಲ್ಲ “ಅತ್ತುಬಿಡು, ಹಗುರಾಗುತ್ತೆ” ಎನ್ನುತ್ತಿದ್ದರು. “ಆಗಲಿ” ಎನ್ನುತ್ತಿದ್ದೆ, ಬರುವಾಗ ಉಪ್ಪು ತಂದುಬಿಡು ಎಂದವರಿಗೆ ಹೇಳುವ ಹಾಗೆ.

ನೀನು ಪ್ರಾಜೆಕ್ಟಿನ ಬಗ್ಗೆ ಕೇಳಿದ್ದೀಯ. ಸೋಮವಾರ ಒಪ್ಪಿಸಲು ಕೊನೆಯ ದಿನ. ಇನ್ನೂ ಒಂದು ಪ್ಯಾರಾ ಬರೆದಿಲ್ಲ, ಒಂದು ಸಹಿ ಹಾಕಿಲ್ಲ. ಯಾಕೆಂದು ತಿಳಿಯಬೇಕಾದರೆ ಮೊದಲಿಂದ ಹೇಳಬೇಕು. ಇಷ್ಟು ದಿನ ನಿನಗೆ ವಿಷಯವನ್ನೇ ಹೇಳಿರಲಿಲ್ಲ, ನಗುತ್ತೀಯ ಎಂದು. ಇಪ್ಪತ್ತೆರಡರಲ್ಲಿ ಅರ್ಧಕ್ಕೆ ಬಿಟ್ಟ ಸಂಖ್ಯಾಶಾಸ್ತ್ರವನ್ನು, ನಡುವೆ ಸಾಹಿತ್ಯದಲ್ಲೊಂದು ಎಂ.ಎ. ಮಾಡಿಕೊಂಡು, ನಲವತ್ತೇಳರಲ್ಲಿ ಸಂಜೆ ಕಾಲೇಜಿಗೆ ಸೇರಿ ಮುಂದುವರಿಸುತ್ತೇನೆ ಎಂದಾಗಲೇ ನೀನು ಸಾಕಷ್ಟು ನಕ್ಕಿದ್ದೆ. ಇಪ್ಪತ್ತು ವರ್ಷದಿಂದ ಅದನ್ನೇ ಪಾಠ ಮಾಡುವವಳು ನೀನು, ನಿನಗೆ ನಗುವ ಹಕ್ಕಿದೆ.

ನನ್ನ ಗೈಡ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು, ಎರಡರಲ್ಲೂ ಇಂಕಿರುವುದಿಲ್ಲ. ತರಗತಿಯ ಹುಡುಗಿಯರೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಡೇಟಾ ತೆಗೆದುಕೊಂಡರು. ಒಬ್ಬಳದು ಮನೆ ಬೆಲೆ, ಒಬ್ಬಳದು ಹೂವಿನ ಎಸಳಿನ ಅಳತೆ. ನಾನು ಕವಿತೆಯ ಸಾಲುಗಳ ಉದ್ದ ಅಳೆಯುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ಮೂರು ಪ್ರಶ್ನೆ ಕೇಳ್ಕೊಳ್ಳಿ. ಎಣಿಸೋಕೆ ಆಗುತ್ತಾ? ದಿನದಿಂದ ದಿನಕ್ಕೆ ಬದಲಾಗುತ್ತಾ? ನಿಮಗೆ ನಿಜವಾಗ್ಲೂ ತಿಳ್ಕೋಬೇಕು ಅಂತ ಇದೆಯಾ? ಮೂರಕ್ಕೂ ಹೌದು ಅಂದ್ರೆ ಅದು ನಿಮ್ಮ ಚಲಕ, ಅಂದ್ರೆ ವೇರಿಯಬಲ್. ಇನ್ನು ಅದನ್ನ ಯಾವ್ಯಾವುದು ಬದಲಾಯಿಸುತ್ತೆ ಅಂತ ಊಹೆ ಮಾಡಿ, ಅವನ್ನೂ ಬರ್ಕೊಳ್ತಾ ಹೋಗಿ. ನೂರು ದಿನ ಆದ್ರೂ ಬೇಕು.”

ಮನೆಗೆ ಬರುವ ಬಸ್ಸಿನಲ್ಲಿ ಯೋಚಿಸಿದೆ. ಮನೆಗೆ ಬಂದೆ. ಇವರು ಬಾಗಿಲು ತೆಗೆದರು, ಹಾಸಿಗೆ ಹಾಸಿದರು, ದೀಪ ಆರಿಸಿದರು. ಎಲ್ಲ ಸೇರಿ ಆಡಿದ್ದು ನಾಲ್ಕು ವಾಕ್ಯ. ವಿಷಯ ಸಿಕ್ಕಿತು.

ಇವರ ಮಾತು ಕಮ್ಮಿ ಎಂದು ನಿನಗೆ ಗೊತ್ತು. ಮದುವೆಗೆ ಬಂದಾಗ ನೀನೇ “ಭಾವನಿಗೆ ಬಾಯಿ ಇದೆಯಾ ಅಂತ ನೋಡ್ಕೊಂಡು ಒಪ್ಕೊಂಡೆ ತಾನೇ?” ಎಂದು ಕೇಳಿದ್ದೆ. ಕನ್ನಡಕದ ಗಾಜು ಉಜ್ಜುವ ಕೆಲಸ. ದಿನವಿಡೀ ಯಂತ್ರದ ಸದ್ದು, ಗಾಜಿನ ಮೇಲೆ ಸುರಿಯುವ ನೀರು. ಅಲ್ಲಿ ಮಾತಾಡಿದರೂ ಕೇಳಿಸದು, ಹಾಗಾಗಿ ಅಭ್ಯಾಸವೇ ತಪ್ಪಿತು ಎಂದು ನಾನು ಜನರಿಗೆ ಹೇಳುತ್ತಿದ್ದೆ. ಮಕ್ಕಳಿದ್ದಿದ್ದರೆ ಬೈಯಲಿಕ್ಕಾದರೂ ಬಾಯಿ ಬಿಡುತ್ತಿದ್ದರೇನೋ. ಕೋಪವಲ್ಲ, ಬೇಸರವಲ್ಲ. ಸುಮ್ಮನೆ ಕಮ್ಮಿ.

ನಾನು ಆರಿಸಿದ್ದು ಇದು: ಒಂದು ದಿನದಲ್ಲಿ ನನ್ನೆದುರು ಇವರಾಡುವ ವಾಕ್ಯಗಳ ಸಂಖ್ಯೆ. ಗೈಡ್ ಗಟ್ಟಿಯಾಗಿ ನಕ್ಕರು.

“ನಮ್ಮನೇಲಿ ನನ್ನ ಮಾತು ಎಣಿಸೋದಾದ್ರೆ ಒಂದು ಕೈ ಸಾಕು ಮೇಡಂ. ಬಾಯಿ ತೆಗೆಯೋಕೇ ಬಿಡಲ್ಲ ನನ್ನ ಹೆಂಡ್ತಿ. ಇರಲಿ. ಅವರ ಒಪ್ಪಿಗೆ ಇದೆಯಾ?”

“ಮೊದಲೇ ಹೇಳಿದ್ರೆ ಮಾತು ಬದಲಾಗುತ್ತಲ್ಲ ಸರ್. ಕೊನೇಲಿ ಹೇಳಿ ಸಹಿ ಹಾಕಿಸ್ಕೊಳ್ತೀನಿ.”

ಅವರು ಒಪ್ಪಿಗೆಯ ನಮೂನೆಯೊಂದನ್ನು ಕೊಟ್ಟರು. ಅದನ್ನು ಪುಸ್ತಕದ ರಟ್ಟಿನ ಒಳಗೆ ಸೇರಿಸಿಟ್ಟೆ.

ಯಾವುದು ವಾಕ್ಯ ಎಂದು ನಿರ್ಧರಿಸಲು ಒಂದು ವಾರ ಹಿಡಿಯಿತು. ‘ಹೂಂ’ ಲೆಕ್ಕಕ್ಕಿಲ್ಲ. ‘ಊಹೂಂ’ ಇಲ್ಲ. ಕಾಲು ಎಡವಿದಾಗ ಬರುವುದು ಇಲ್ಲ. ಫೋನಿನಲ್ಲಿ ಆಡಿದ್ದು ಇಲ್ಲ. ನಾನು ಕೇಳಿದ್ದಕ್ಕೆ ಬಂದ ಉತ್ತರ ಸೇರುತ್ತದೆ, ಆದರೆ ನಾನು ಎಷ್ಟು ಪ್ರಶ್ನೆ ಕೇಳಿದೆನೆಂದು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಉಳಿದ ಕಾಲಮ್ಮುಗಳು: ಅವತ್ತು ಉಜ್ಜಿದ ಗಾಜುಗಳೆಷ್ಟು (ಬರೆದಿಟ್ಟ ಚೀಟಿ ಅಂಗಿಯ ಜೇಬಿನಲ್ಲಿ ಸಿಗುತ್ತಿತ್ತು), ಮನೆಗೆ ಬಂದ ಹೊತ್ತು, ಊಟದ ಡಬ್ಬಿ ಖಾಲಿಯೋ ಅಲ್ಲವೋ, ಕರೆಂಟ್ ಹೋಗಿತ್ತೋ ಇಲ್ಲವೋ, ಸೆಕೆ, ನನಗೆ ಕಾಲೇಜಿದ್ದ ದಿನವೋ ಅಲ್ಲವೋ. ವಾಕ್ಯಗಳ ಸಂಖ್ಯೆಯೂ ಸೇರಿ ಎಂಟು.

ಗೈಡ್ ಪಟ್ಟಿ ನೋಡಿ, “ಏನು ಮಾತಾಡಿದ್ರು ಅಂತ ಒಂದು ಕಾಲಂ ಇಟ್ಕೊಳ್ಳಿ ಮೇಡಂ” ಎಂದರು.

“ಅದನ್ನ ಅಳೆಯೋಕಾಗಲ್ಲ ಸರ್.”

“ಅಳೀಬೇಡಿ. ಸುಮ್ನೆ ಬರ್ದಿಟ್ಟಿರಿ. ಆಮೇಲೆ ಬೇಕು ಅಂದ್ರೆ ಸಿಗಲ್ಲ.”

ಬರೆಯುವಂಥದ್ದೇನೂ ಇರುವುದಿಲ್ಲ ಎಂದೆ. ಬೀಗ, ದೀಪ, ಡಬ್ಬಿಯ ಮುಚ್ಚಳ, ಇಷ್ಟೇ. ಅವರು ಒತ್ತಾಯ ಮಾಡಲಿಲ್ಲ.

ಎಣಿಸುವುದು ಹೇಗೆ? ಪ್ರತಿ ಸಲ ಪುಸ್ತಕ ತೆಗೆದರೆ ಗೊತ್ತಾಗಿಬಿಡುತ್ತದೆ. ಕೆಳಗಿನ ಮನೆಯಲ್ಲಿ ಒಬ್ಬಳು ಟೈಲರ್ ಇದ್ದಾಳೆ, ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಗೆಲ್ಲ ಹೊಲಿಯುವವಳು. ಅವಳ ಹತ್ತಿರ ಒಂದು ಹಿಡಿ ಹಳೆ ಗುಂಡಿ ಇಸಿದುಕೊಂಡೆ. ಯಾಕೆಂದು ಕೇಳಿದಳು, ಹೇಳಿದೆ. ದಿನಕ್ಕೆ ಏಳೆಂಟು ಸಾಕಾಗಬಹುದು ಎಂದೆ. “ಅಯ್ಯೋ ಅಕ್ಕಾ, ನಮ್ಮವರ ಮಾತಿಗೆ ಗೋಣಿಚೀಲ ಬೇಕು” ಎಂದು ನಕ್ಕಳು. ಅಡುಗೆಮನೆಯ ಕಟ್ಟೆಯ ಮೇಲೊಂದು ತಗಡಿನ ಡಬ್ಬಿ. ಇವರು ಒಂದು ವಾಕ್ಯ ಆಡಿದರೆ ಅದರೊಳಗೆ ಒಂದು ಗುಂಡಿ. ನಾನು ಬೇರೆ ಕೋಣೆಯಲ್ಲಿದ್ದರೆ ಬೆರಳು ಮಡಿಸಿಕೊಂಡು ಬಂದು ಹಾಕುತ್ತಿದ್ದೆ. ಮಲಗುವ ಮುಂಚೆ ಎಣಿಸಿ ಪುಸ್ತಕಕ್ಕೆ ಏರಿಸಿ, ಡಬ್ಬಿ ಖಾಲಿ ಮಾಡುವುದು.

ಮೊದಲ ಅರವತ್ತು ದಿನದ ಸರಾಸರಿ ಏಳು. ಒಂದು ದಿನ ಮೂರು, ಒಂದು ದಿನ ಹನ್ನೊಂದು. ಡಬ್ಬಿಯ ಊಟ ಮಿಕ್ಕಿದ ದಿನ ಒಂದು ಕಮ್ಮಿ, ಕರೆಂಟ್ ಹೋದ ದಿನ ಒಂದೂವರೆ ಜಾಸ್ತಿ. ಕತ್ತಲಲ್ಲಿ ಇವರು ಸ್ವಲ್ಪ ಹೆಚ್ಚು ಮಾತಾಡುತ್ತಾರೆಂದು ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಕ್ಕೆ ಗ್ರಾಫ್ ನೋಡಿ ತಿಳಿದುಕೊಂಡೆ. ಐವತ್ತೆಂಟನೇ ದಿನವೋ ಏನೋ, ಅಡುಗೆಮನೆಯ ಬಾಗಿಲಿಗೆ ಬಂದು “ಅದೇನು ಟಿಣ್ ಅನ್ನೋದು?” ಎಂದು ಕೇಳಿದರು. ಈ ಒಂದು ವಾಕ್ಯ ಚೆನ್ನಾಗಿ ನೆನಪಿದೆ, ನಾನು ಸುಳ್ಳು ಹೇಳಿದ್ದರಿಂದ. ಹಲ್ಲಿ ಏನೋ ಬೀಳಿಸಿತು ಎಂದೆ. ಅವರು ಹೋದ ಮೇಲೆ ಆ ಪ್ರಶ್ನೆಗೂ ಒಂದು ಗುಂಡಿ ಹಾಕಿದೆ.

ಅರವತ್ತೊಂದನೇ ದಿನ ಹನ್ನೆರಡು. ಮಾರನೇ ದಿನ ಹದಿನಾಲ್ಕು. ಆಮೇಲೆ ಹತ್ತಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಒಂದು ದಿನ ಹತ್ತೊಂಬತ್ತಾಯಿತು, ಗುಂಡಿ ಮುಗಿದು ಕೊನೆಯದಕ್ಕೆ ಒಂದು ಬೆಂಕಿಕಡ್ಡಿ ಹಾಕಿದೆ. ಊಟಕ್ಕೆ ಕೂತವರು ತಟ್ಟೆ ನೋಡಿಕೊಂಡೇ ಒಂದರ ಹಿಂದೆ ಒಂದು ಹೇಳುತ್ತಿದ್ದರು, ಮಕ್ಕಳು ಪಾಠ ಒಪ್ಪಿಸುವ ಹಾಗೆ. ನಾನು ಮೇಜಿನ ಕೆಳಗೆ ಬೆರಳು ಮಡಿಸುತ್ತಿದ್ದೆ. ಒಂದು ಕೈಯ ಬೆರಳುಗಳು ಮುಗಿದು ಎರಡನೆಯದಕ್ಕೆ ಬಂದಾಗ ತುತ್ತು ಹಾಗೇ ನಿಲ್ಲುತ್ತಿತ್ತು. ಎಷ್ಟಾಯಿತೆಂದು ತಪ್ಪದಿರಲಿ ಎಂದು ನನ್ನ ಗಮನವೆಲ್ಲ ಬೆರಳಲ್ಲಿ.

ಉಳಿದ ಏಳು ಕಾಲಮ್ಮುಗಳಲ್ಲಿ ಯಾವುದೂ ಇದನ್ನು ವಿವರಿಸಲಿಲ್ಲ. ಗಾಜುಗಳ ಸಂಖ್ಯೆ ಅಷ್ಟೇ, ಸೆಕೆ ಅಷ್ಟೇ, ಊಟದ ಡಬ್ಬಿ ಖಾಲಿ. ಗೈಡ್ ಗ್ರಾಫ್ ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಮೇಡಂ, ಇಲ್ಲೊಂದು ಮೆಟ್ಟಿಲು ಇದೆ. ಒಂದು ಚಲಕ ನಿಮ್ಮ ಪಟ್ಟಿಯಿಂದ ಹೊರಗೆ ಉಳ್ಕೊಂಡಿದೆ. ಹುಡುಕಿ.” ಹುಡುಕಿದೆ. ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದಾರೆಯೇ ಎಂದು ಡ್ರಾಯರ್ ನೋಡಿದೆ. ಬೇರೆ ಯಾರ ಹತ್ತಿರವಾದರೂ ಮಾತು ಕಲಿಯುತ್ತಿದ್ದಾರೆಯೇ ಎಂದೂ ಅನಿಸಿತು. ನಗಬೇಡ, ಈ ವಯಸ್ಸಿನಲ್ಲೂ ಅನಿಸುತ್ತದೆ. ಒಂದು ದಿನ ಬಸ್ ನಿಲ್ದಾಣದ ಹತ್ತಿರ ಮರೆಯಲ್ಲಿ ನಿಂತು ನೋಡಿದೆ. ಬಸ್ಸಿಳಿದು, ಒಬ್ಬರೇ, ಎಂದಿನ ನಡಿಗೆಯಲ್ಲಿ ನಮ್ಮ ಬೀದಿಗೆ ತಿರುಗಿದರು. ನಾನು ಅಲ್ಲಿಂದಲೇ ಕಾಲೇಜಿಗೆ ಹೋದೆ.

ನೂರ ನಾಲ್ಕನೇ ದಿನ ಮಧ್ಯಾಹ್ನ ವರ್ಕ್‌ಶಾಪಿನ ಮಾಲೀಕರ ಫೋನ್ ಬಂತು. ಸ್ಟೂಲಿನ ಮೇಲೆ ಕೂತಿದ್ದರಂತೆ, ಯಂತ್ರ ತಿರುಗುತ್ತಿತ್ತಂತೆ, ಗಾಜಿನ ಮೇಲೆ ನೀರು ಬೀಳುತ್ತಿತ್ತಂತೆ. ಗಾಜು ಬಹಳ ತೆಳ್ಳಗಾಗಿದ್ದು ನೋಡಿ ಪಕ್ಕದವನು ಎಬ್ಬಿಸಲು ಹೋದನಂತೆ. ಇಷ್ಟು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು, ಎಲ್ಲ ಮುಗಿದು ಜನ ಹೋದ ಮೇಲೆ ನಾನು ಡಬ್ಬಿ ಬಗ್ಗಿಸಿ ನೋಡಿದೆ. ಬೆಳಿಗ್ಗೆಯವು ಎರಡು ಗುಂಡಿ ಇದ್ದವು. ‘ಎರಡು’ ಎಂದು ಬರೆದೆ. ಮಾರನೇ ದಿನ ಸೊನ್ನೆ ಬರೆದೆ. ಅದರ ಮಾರನೇ ದಿನವೂ. ಹದಿಮೂರು ದಿನ ಬರೆದೆ. ಉಜ್ಜಿದ ಗಾಜು ಸೊನ್ನೆ, ವಾಕ್ಯ ಸೊನ್ನೆ, ಕರೆಂಟ್ ಇತ್ತು, ಸೆಕೆ ಇತ್ತು. ಯಾಕೆಂದು ಕೇಳಬೇಡ. ಮಲಗುವ ಮುಂಚೆ ಮಾಡುವ ಕೆಲಸ ಅದಾಗಿತ್ತು.

ರಜೆ ಮುಗಿದು ಕಾಲೇಜಿಗೆ ಹೋದಾಗ ಗೈಡ್ ಬಹಳ ಹೊತ್ತು ಪುಸ್ತಕದ ಹಾಳೆ ತಿರುಗಿಸುತ್ತಾ ಕೂತರು. “ನೂರು ದಾಟಿದೆ” ಎಂದರು. ಹೇಳಿದ ಮೇಲೆ ಕಿವಿ ಕೆಂಪಾಯಿತು ಪಾಪ. ಆಮೇಲೆ ನಿಧಾನವಾಗಿ ಹೇಳಿದರು.

“ಕೊನೇ ಹದಿಮೂರು ಸಾಲು ತೆಗೀಬೇಕಾಗುತ್ತೆ ಮೇಡಂ. ಮಾತಾಡೋಕೆ ಆಗೋರು ಮಾತಾಡದೇ ಇದ್ರೆ ಅದು ಸೊನ್ನೆ. ಇದು ಸೊನ್ನೆ ಅಲ್ಲ. ಇದು... ಡೇಟಾ ಇಲ್ಲ.”

“ಗೊತ್ತು ಸರ್” ಎಂದೆ. ನಿಜವಾಗಿ ಗೊತ್ತಿತ್ತು. ಅಲ್ಲೇ ಕೂತು ರಬ್ಬರ್ ತೆಗೆದುಕೊಂಡು ಹದಿಮೂರನ್ನೂ ಉಜ್ಜಿದೆ. ಹಾಳೆ ಸ್ವಲ್ಪ ಹರಿಯಿತು.

ಈಗ ಉಳಿದಿರುವುದು ಎರಡು. ಒಂದು, ಆ ಮೆಟ್ಟಿಲಿಗೆ ಕಾರಣ ಬರೆಯುವ ಪ್ಯಾರಾ. ಅರವತ್ತೊಂದರಿಂದ ನೂರ ಮೂರರವರೆಗೆ ನಲವತ್ತಮೂರು ದಿನ, ಸರಾಸರಿ ಹದಿನಾಲ್ಕು. ಇವರು ಯಾಕೆ ಮಾತಾಡಿದರು? ಒಳಗೆ ಏನಾದರೂ ಗೊತ್ತಾಗಿತ್ತೇ, ಹೋಗುವ ಮುಂಚೆ ಆಡಿ ಮುಗಿಸಬೇಕೆನಿಸಿತ್ತೇ? ಅಥವಾ ಸುಖವಾಗಿದ್ದರೇ? ಇದು ತಿಳಿಯದೆ ಆ ಪ್ಯಾರಾ ನನ್ನಿಂದಾಗದು. ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆದರೂ ಅಂಕ ಕೊಡುತ್ತೇನೆ ಎನ್ನುತ್ತಾರೆ ಗೈಡ್. ಅಂಕದ ಮಾತಲ್ಲ.

ಎರಡನೆಯದು ಆ ಒಪ್ಪಿಗೆಯ ನಮೂನೆ. ನೂರು ದಿನ ಮುಗಿದಾಗ ಹೇಳಬೇಕಿತ್ತು. ಇಷ್ಟು ಮಾತಾಡುತ್ತಿದ್ದಾರೆ, ಇನ್ನೊಂದು ವಾರ ಎಣಿಸಿಬಿಡೋಣ ಎಂದು ಮುಂದೂಡಿದೆ. ಹೆಂಡತಿಯಾಗಿ ನಾನೇ ಸಹಿ ಹಾಕಬಹುದಂತೆ. ‘ಅಧ್ಯಯನದ ಉದ್ದೇಶ ತಿಳಿದು, ಸ್ವ ಇಚ್ಛೆಯಿಂದ’ ಎಂದು ಅದರಲ್ಲಿದೆ. ಕದ್ದು ಎಣಿಸಿದವಳೇ ಇಚ್ಛೆಯಿಂದ ಎಂದು ಸಹಿ ಮಾಡುವುದು ಹೇಗೆ? ನಿನ್ನ ವಿದ್ಯಾರ್ಥಿನಿಯಾಗಿದ್ದರೆ ಏನು ಹೇಳುತ್ತಿದ್ದೆ? ಸಹಿ ಹಾಕದಿದ್ದರೆ ಪುಸ್ತಕ ಮುಚ್ಚಿಡಬೇಕು, ಎರಡು ವರ್ಷದ ಕೋರ್ಸು ಎರಡನೇ ಸಲ ಅರ್ಧಕ್ಕೆ ನಿಲ್ಲುತ್ತದೆ. ನಿಂತರೂ ನನಗೆ ಈಗ ಏನೂ ಅನಿಸುತ್ತಿಲ್ಲ ಎನ್ನುವುದೇ ವಿಚಿತ್ರ.

ಬರೆದು ಬರೆದು ಕಣ್ಣು ನೋಯುತ್ತಿದೆ. ಈ ಕನ್ನಡಕದ ಗಾಜೂ ಇವರೇ ಉಜ್ಜಿದ್ದು. ನಂಬರು ಬದಲಾಗಿರಬೇಕು, ಹೋಗಿ ತೋರಿಸಬೇಕು, ಹೋಗಿಲ್ಲ.

ನಿನ್ನ ಮಗಳಿಗೆ ಪರೀಕ್ಷೆ ಹತ್ತಿರ ಬಂತಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಂದದ್ದೆಲ್ಲ ಅವಳು ಓದಿದ್ದೇ ಆಗಿರಲಿ, ಅವಳಿಗೆ ನಿನ್ನ ಲೆಕ್ಕದ ತಲೆಯೂ ಅವರಪ್ಪನ ನಿದ್ದೆಯೂ ಬರಲಿ ಎಂದು ಹರಸುತ್ತೇನೆ. ಅಮ್ಮನ ಮೊಣಕಾಲು ಹೇಗಿದೆ? ನನ್ನ ನಮಸ್ಕಾರ ತಿಳಿಸು. ನೀನು ಚೆನ್ನಾಗಿರು, ಮನೆತುಂಬ ಗಲಾಟೆಯಿರಲಿ.

ಇಂತಿ,
ನಿನ್ನ ಉದ್ದಜಡೆ
(ಈಗ ಭುಜದವರೆಗೆ ಕತ್ತರಿಸಿದ್ದೇನೆ. ಹೆಸರು ಹಾಗೇ ಇರಲಿ.)

ತಾ.ಕ.: ಮೇಲೆ ಇಷ್ಟುದ್ದ ಬರೆದು ನಿಜವಾದದ್ದನ್ನು ಬರೆಯಲಿಲ್ಲ. ನೂರ ನಾಲ್ಕನೇ ದಿನದ ಸಾಲಿನಲ್ಲಿ ‘ಎರಡು’ ಎಂದಿದೆ. ಆ ಎರಡು ಏನೆಂದು ನನಗೆ ನೆನಪಿಲ್ಲ. ಡಬ್ಬಿಯಲ್ಲಿ ಎರಡು ಸಲ ಟಿಣ್ ಎಂದದ್ದು ಮಾತ್ರ ನೆನಪಿದೆ. ಆ ನಲವತ್ತಮೂರು ದಿನಗಳಲ್ಲಿ ಆರುನೂರಕ್ಕೂ ಹೆಚ್ಚು ವಾಕ್ಯ ಆಡಿದ್ದಾರೆ. ಒಂದೂ ಪೂರ್ತಿ ಬರುವುದಿಲ್ಲ. ಬಿಡಿ ಪದಗಳು ಬರುತ್ತವೆ. ಯಾರದೋ ಕೊಡೆ, ನೀಲಿ ಗೇಟು, ಬೆಕ್ಕು, ಮುರಿದ ಏಣಿ. ಗೈಡ್ ಹೇಳಿದ ಒಂದು ಕಾಲಂ ಇಟ್ಟುಕೊಂಡಿದ್ದರೆ ಎಲ್ಲ ಇರುತ್ತಿತ್ತು.

ಲಕೋಟೆಗೆ ಅಂಟು ಹಚ್ಚಲು ಕೂತಾಗ ಬಾಗಿಲು ಬಡಿದ ಸದ್ದಾಯಿತು. ಆಗ ನಡೆದದ್ದನ್ನು ಈಗಲೇ ಬರೆಯುತ್ತಿದ್ದೇನೆ, ಈ ಸಲ ಪದ ಪದವನ್ನೂ. ಕೆಳಗಿನ ಮನೆಯ ಟೈಲರ್. ಕೈಯಲ್ಲಿ ಇವರ ಎರಡು ಅಂಗಿ, ಮಡಿಸಿದ್ದು.

“ಒಳಗೆ ಬರಲ್ಲ ಅಕ್ಕಾ, ಇಸ್ತ್ರಿ ಆನ್ ಮಾಡಿಟ್ಟು ಬಂದಿದೀನಿ. ಭಾವ ಕಾಲರ್ ತಿರುಗಿಸೋಕೆ ಕೊಟ್ಟಿದ್ರು. ಯಾವಾಗಲೋ ಆಗಿದೆ. ತರೋಕೆ ಧೈರ್ಯ ಬರ್ಲಿಲ್ಲ.”

ಅಂಗಿ ಇಸಿದುಕೊಂಡೆ. ಅವಳು ಹೋಗಲಿಲ್ಲ. ಅಡುಗೆಮನೆಯ ಕಟ್ಟೆಯ ಕಡೆ ನೋಡಿದಳು.

“ಡಬ್ಬಿ ಇನ್ನೂ ಅಲ್ಲೇ ಇದೆ. ಅಕ್ಕಾ, ನಿಮಗೊಂದು ಹೇಳ್ಬೇಕು, ಬೈಬೇಡಿ. ನನ್ನ ಬಾಯಿ ನಿಲ್ಲಲ್ಲ, ನಿಮಗೇ ಗೊತ್ತು. ಒಂದಿನ ಭಾವ ಬಂದು, ‘ಮೇಲೆ ಡಬ್ಬೀಲಿ ಟಿಣ್ ಟಿಣ್ ಅನ್ನೋದು ನಿನ್ನ ಗುಂಡಿನೇ ತಾನೇ?’ ಅಂತ ಕೇಳಿದ್ರು. ಹೇಳ್ಬಿಟ್ಟೆ. ಕೋಪ ಬಂತೇನೋ ಅಂದ್ಕೊಂಡೆ. ಆಮೇಲೆ, ‘ದಿನಕ್ಕೆ ಏಳೇನಾ ಆಗೋದು?’ ಅಂದ್ರು.”

ಆಮೇಲೆ ಏನಾಯಿತು ಎಂದು ಕೇಳಿದೆ.

“ಮಾರನೇ ದಿನದಿಂದ ಸಂಜೆ ಮೇಲೆ ಹತ್ತೋ ಮುಂಚೆ ನನ್ನ ಬಾಗಿಲಲ್ಲಿ ನಿಲ್ಲೋರು. ‘ಏನಾದ್ರೂ ಸುದ್ದಿ ಇದ್ರೆ ಕೊಡಮ್ಮಾ, ಮನೇಲಿ ಹೇಳೋಕೆ ಬೇಕು, ಅವಳ ಪ್ರಾಜೆಕ್ಟ್ ಸೊರಗಬಾರ್ದು’ ಅನ್ನೋರು. ಯಾರ ಕೊಡೆ ಕಳೀತು, ಯಾರ ಏಣಿ ಮುರೀತು, ಬೀದಿದೆಲ್ಲ ಕೊಡ್ತಿದ್ದೆ. ಮರೀಬಾರ್ದು ಅಂತ ಮೆಟ್ಟಿಲ ಮೇಲೆ ಬಾಯಲ್ಲೇ ಹೇಳ್ಕೊಂಡು ಹತ್ತೋರು. ನಿಮಗೆ ಹೇಳ್ಬೇಡ ಅಂದಿದ್ರು, ಗೊತ್ತಾದ್ರೆ ನಿಮ್ಮ ಲೆಕ್ಕ ಕೆಡುತ್ತಂತೆ.”

ಕೊನೆಯ ದಿನ ಬೆಳಿಗ್ಗೆ ಅವರನ್ನು ನೋಡಿದ್ದೆಯಾ ಎಂದು ಕೇಳಿದೆ.

“ನೋಡಿದ್ದೆ. ಬೆಳಿಗ್ಗೆ ಯಾವತ್ತೂ ನಿಲ್ಲೋರಲ್ಲ, ಅವತ್ತು ನಿಂತ್ರು. ‘ಇವತ್ತು ಬೆಳಿಗ್ಗೆ ಎರಡೇ ಆಯ್ತಮ್ಮಾ, ಸಂಜೆಗೆ ಏನಾದ್ರೂ ಒಳ್ಳೇದು ತೆಗೆದಿಟ್ಟಿರು’ ಅಂದ್ರು.” ಅವಳು ಕೆಳಗಿನ ಮೆಟ್ಟಿಲಿಗೆ ಇಳಿದು, ಅಲ್ಲೇ ನಿಂತು, ಮತ್ತೆ ನನ್ನ ಕಡೆ ತಿರುಗಿದಳು. “ತೆಗೆದಿಟ್ಟಿದ್ದೆ ಅಕ್ಕಾ. ನೀಲಿ ಗೇಟಿನ ಮನೆ ಬೆಕ್ಕು ಅವತ್ತೇ ಮರಿ ಹಾಕಿತ್ತು. ಮೂರು.”